ಮುಚ್ಚಿಟ್ಟದ್ದೆಲ್ಲ ಕಳವಲ್ಲ

“ತಪ್ಪು ಮಾಡದವನಿಗೆ ಭಯವೇಕೆ? ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ?” ಎಂಬ ಮಾತು ಈಗ ಊರ ಕಟ್ಟೆಯ ಮೇಲೂ, ಬಸ್ಸಿನಲ್ಲೂ, ಮಠದ ಪಡಸಾಲೆಯಲ್ಲೂ ಕೇಳಿಬರುತ್ತಿದೆ. ಕೈಯಲ್ಲಿರುವ ಮೊಬೈಲು ನಾವು ಹೋದಲ್ಲಿ ಬಂದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಏನು ಕೊಂಡೆವು, ಯಾವ ಕಾಯಿಲೆಗೆ ಮದ್ದು ಹುಡುಕಿದೆವು ಎಂಬುದೆಲ್ಲ ಎಲ್ಲಿಯೋ ಇರುವ ಕಂಪ್ಯೂಟರಿನಲ್ಲಿ ಜಮೆಯಾಗುತ್ತದೆ ಎಂದು ಓದಿದ ಹುಡುಗನೊಬ್ಬ ಎಚ್ಚರಿಸಿದರೆ, ಮನೆಯ ಹಿರಿಯರು ಈ ಒಂದು ಮಾತಿನಿಂದ ಅವನ ಬಾಯಿ ಕಟ್ಟುತ್ತಾರೆ. ಕೆಲವು ಮನೆಗಳಲ್ಲಿ ಇದು ತಿರುವುಮುರುವು: ಹಿರಿಯರು ಅಂಜುತ್ತಾರೆ, ಮಕ್ಕಳು ನಗುತ್ತಾರೆ. ಹೇಳುವವರು ಪ್ರಾಮಾಣಿಕರಾದ್ದರಿಂದ ಈ ಮಾತಿಗೆ ತೂಕ ಬಂದಿದೆ. ಆದರೆ ಇದು ಧರ್ಮದ ಮಾತಲ್ಲ. ಮುಚ್ಚಿಡುವುದೆಲ್ಲ ಪಾಪವೆಂದು ಒಪ್ಪಿದರೆ ವೀರಶೈವನಾದವನು ಮೊದಲು ತನ್ನ ಎದೆಯ ಮೇಲಿನ ಲಿಂಗಕ್ಕೆ ಉತ್ತರ ಹೇಳಬೇಕಾಗುತ್ತದೆ.

ಗುರುವು ಶಿಷ್ಯನ ಅಂಗೈಗೆ ಇಷ್ಟಲಿಂಗವನ್ನು ಕರುಣಿಸುವಾಗ ಪಂಚಾಕ್ಷರಿಯನ್ನು ಬಲಗಿವಿಯಲ್ಲಿ ಉಸುರುತ್ತಾನೆ. ನೆರೆದ ನೂರು ಜನರಿಗೆ ಕೇಳಲೆಂದು ಕೂಗುವುದಿಲ್ಲ. ಹಾಗಾದರೆ ಪಂಚಾಕ್ಷರಿಯು ಯಾರಿಗೂ ಗೊತ್ತಿಲ್ಲದ ಮಂತ್ರವೇ? ಗುಡಿಯ ಗೋಡೆಯ ಮೇಲೆ ಅದನ್ನು ಬರೆದಿರುತ್ತಾರೆ, ತೊದಲು ಮಾತಿನ ಕೂಸೂ ಹೇಳುತ್ತದೆ. ಆದರೂ ದೀಕ್ಷೆಯಲ್ಲಿ ಅದು ಕಿವಿಮಾತು. ಮಂತ್ರವು ಗುಟ್ಟೆಂದಲ್ಲ, ಆ ಗಳಿಗೆಯು ಗುರುಶಿಷ್ಯರಿಬ್ಬರಿಗೆ ಸೇರಿದ್ದೆಂದು. ಅಂದಿನಿಂದ ಶಿಷ್ಯನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಶಿವದಾರದಿಂದ ಎದೆಯ ಮೇಲೆ ಧರಿಸುತ್ತಾನೆ. ಪೂಜೆಯ ಹೊತ್ತಿಗೆ ಮಾತ್ರ ಹೊರಗೆ ತೆಗೆಯುತ್ತಾನೆ, ಪರರ ಕೈಗೆ ಕೊಡುವುದಿಲ್ಲ. ಇದನ್ನು ಕಂಡು ಯಾರಾದರೂ ಇವನು ಏನೋ ಅಪರಾಧ ಮಾಡಿ ಬಚ್ಚಿಟ್ಟಿದ್ದಾನೆ ಎನ್ನುವುದುಂಟೇ? ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳೆಂಬ ಎಂಟನ್ನು ನಮ್ಮ ಪೂರ್ವಾಚಾರ್ಯರು ಅಷ್ಟಾವರಣವೆಂದು ಕರೆದರು. ಆವರಣವೆಂದರೆ ಹೊದಿಕೆ, ಕಾಪು. ಬೆಲೆಯುಳ್ಳದ್ದಕ್ಕೆ ಆವರಣ ಬೇಕು. ಹೊಲಕ್ಕೆ ಬೇಲಿ ಹಾಕುವ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶರಣರಲ್ಲಿ ಗುಪ್ತ ಮಂಚಣ್ಣನೆಂಬ ವಚನಕಾರನು ಆಗಿಹೋದನು. ಹೊರನೋಟಕ್ಕೆ ವೈಷ್ಣವನಂತಿದ್ದು ಒಳಗೆ ಶಿವನನ್ನು ಅರ್ಚಿಸಿದವನು ಎಂದು ಪರಂಪರೆಯು ಆತನನ್ನು ನೆನೆಯುತ್ತದೆ. ಗುಪ್ತವೆಂಬುದು ಆತನಿಗೆ ಬೈಗುಳವಾಗಿ ಅಂಟಲಿಲ್ಲ, ಬಿರುದಾಗಿ ನಿಂತಿತು.

ಇಲ್ಲಿ ಭಕ್ತರೊಬ್ಬರು ಕೇಳುವ ಪ್ರಶ್ನೆಯೊಂದಿದೆ. ಶಿವನು ಸರ್ವಸಾಕ್ಷಿಯಲ್ಲವೇ, ಅವನಿಗೆ ಕಾಣದ್ದು ಏನಿದೆ, ಅವನಿಗೆ ಕಂಡ ಮೇಲೆ ಕಂಪನಿಯವರಿಗೆ ಕಂಡರೆ ಏನಾಯಿತು ಎಂದು. ಪ್ರಶ್ನೆ ಚೆನ್ನಾಗಿದೆ. ಶಿವನು ನೋಡುತ್ತಾನೆ, ನಿಜ, ನೋಡಿದ್ದನ್ನು ಮಾರುವುದಿಲ್ಲ. ಚಿತ್ರಗುಪ್ತನು ಲೆಕ್ಕ ಬರೆಯುತ್ತಾನೆ. ಆ ಲೆಕ್ಕದ ನಕಲನ್ನು ಔಷಧದ ಅಂಗಡಿಯವನಿಗೂ ಬಡ್ಡಿ ಸಾಲದವನಿಗೂ ಕೊಟ್ಟ ಕಥೆಯನ್ನು ಯಾವ ಪುರಾಣದಲ್ಲೂ ನಾವು ಓದಿಲ್ಲ. ನೋಡುವವನು ಯಾರು, ಏತಕ್ಕೆ ನೋಡುತ್ತಾನೆ, ನೋಡಿದ ಮೇಲೆ ಏನು ಮಾಡುತ್ತಾನೆ ಎಂಬ ಮೂರನ್ನೂ ಬಿಟ್ಟು ಬರಿಯ ನೋಟದ ಮಾತನಾಡಿದರೆ ದೇವರನ್ನೂ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಹಳ್ಳಿಯಲ್ಲಿ ಗುಟ್ಟೆಂಬುದು ಎಂದಾದರೂ ಇತ್ತೇ ಎಂದು ಕೇಳುವವರೂ ಉಂಟು. ಯಾರ ಮನೆಗೆ ನೆಂಟರು ಬಂದರು, ಯಾರ ಮನೆಯ ಒಲೆ ಉರಿಯಲಿಲ್ಲ ಎಂಬುದು ಹೊತ್ತು ಏರುವಷ್ಟರಲ್ಲಿ ಊರಿಗೆಲ್ಲ ಗೊತ್ತು. ಇದು ಸತ್ಯವೇ. ಆದರೆ ನಮ್ಮನ್ನು ಬಲ್ಲವನನ್ನು ನಾವೂ ಬಲ್ಲೆವು. ಅವನು ಮಾತು ಹೊರಹಾಕಿದರೆ ಅವನ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು, ನಾಲ್ಕು ಜನರ ಮುಂದೆ ನಿಲ್ಲಿಸಬಹುದಾಗಿತ್ತು. ಸೂಲಗಿತ್ತಿ, ನಾಡಿ ನೋಡುವ ಪಂಡಿತ, ಲೆಕ್ಕ ಬರೆಯುವ ಶಾನುಭೋಗ, ಇವರಿಗೆ ತಿಳಿಯದ ಮನೆಯ ಒಳಮಾತಿರಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡವರಿಗೇ ಊರಿನಲ್ಲಿ ಮರ್ಯಾದೆ ಇತ್ತು. ಜಂಗಮನಂತೂ ಮನೆಯಿಂದ ಮನೆಗೆ ನಡೆಯುವವನು. ನಾವು ವಟುವಾಗಿದ್ದ ಕಾಲದಲ್ಲಿ ಜೋಳಿಗೆ ಹಿಡಿದು ಭಿಕ್ಷೆಗೆ ಹೊರಟರೆ, ಜೋಳಿಗೆಯಲ್ಲಿ ಹಿಟ್ಟು ಬರಲಿ, ಮನೆಯ ಮಾತು ಬರಬಾರದು ಎಂದು ನಮ್ಮ ಹಿರಿಯ ಗುರುಗಳು ಹೇಳಿ ಕಳುಹಿಸುತ್ತಿದ್ದರು. ಇಂದು ಮನೆಮನೆಗೆ ಬಂದಿರುವ ಹೊಸ ಸಂಚಾರಿಯು ಹಿಟ್ಟನ್ನು ಬಿಟ್ಟು ಮಾತನ್ನೇ ಒಯ್ಯುತ್ತಿದ್ದಾನೆ.

ಇದು ಹೇಗೆ ನಡೆಯುತ್ತದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಕರೆಂಟು ಹೋದಾಗ ಬೆಳಕಿಗೆಂದು ಮೊಬೈಲಿಗೆ ಟಾರ್ಚಿನ ಆ್ಯಪನ್ನು ಹಾಕಿಕೊಳ್ಳುವ ರೂಢಿ ಹಿಂದೆ ಬಹಳವಿತ್ತು. ಅಮೆರಿಕದಲ್ಲಿ ಅಂಥ ಒಂದು ಆ್ಯಪನ್ನು ಕೋಟ್ಯಂತರ ಜನ ಬಳಸುತ್ತಿದ್ದರು. ದುಡ್ಡು ಕೊಡಬೇಕಾಗಿರಲಿಲ್ಲ. 2013ರಲ್ಲಿ ಆ ದೇಶದ ವ್ಯಾಪಾರ ಆಯೋಗವು ವಿಚಾರಿಸಿದಾಗ ತಿಳಿದದ್ದೇನೆಂದರೆ, ದೀಪ ಹಚ್ಚುವ ಆ ಸಾಧನವು ಹಚ್ಚಿದವನು ಎಲ್ಲಿದ್ದಾನೆಂಬುದನ್ನು ಜಾಹೀರಾತಿನವರಿಗೆ ತಿಳಿಸುತ್ತಿತ್ತು. ಬೇಡವೆನ್ನುವ ಗುಂಡಿಯನ್ನೂ ಇಟ್ಟಿದ್ದರು. ಅದನ್ನು ಒತ್ತಿದರೂ ಒತ್ತದಿದ್ದರೂ ಸುದ್ದಿ ಹೋಗುತ್ತಲೇ ಇತ್ತು. ಬೆಳಕಿಗೆ ನಮ್ಮ ಊರು ಕೇರಿಯ ವಿಳಾಸ ಏತಕ್ಕೆ ಬೇಕು? ಆ್ಯಪೊಂದು ನಿಮ್ಮ ದೂರವಾಣಿ ಪಟ್ಟಿ, ಫೋಟೋ, ಇರುವ ಜಾಗ ಇವುಗಳಿಗೆ ಅನುಮತಿ ಕೇಳಿದಾಗ ಮೊಮ್ಮಕ್ಕಳಿಗೆ ಈ ಒಂದು ಪ್ರಶ್ನೆಯನ್ನು ಹಾಕಿರಿ: ಮಾಡುವ ಕೆಲಸಕ್ಕೂ ಕೇಳುವ ವಸ್ತುವಿಗೂ ಸಂಬಂಧವಿದೆಯೇ? ಹಾಲು ಹಾಕುವವನು ಹಾಲಿನ ಪಾತ್ರೆ ಕೇಳಿದರೆ ಸರಿ, ಪೆಟ್ಟಿಗೆಯ ಬೀಗದ ಕೈ ಕೇಳಿದರೆ?

“ನನ್ನದನ್ನು ನಾನು ಕೊಟ್ಟರೆ ನಿಮಗೇನು ನಷ್ಟ?” ಎನ್ನುವ ಯುವಕರಿಗೆ ಇನ್ನೊಂದು ಲೆಕ್ಕವಿದೆ. ಫೇಸ್‌ಬುಕ್ಕಿನಲ್ಲಿ ಸ್ವಭಾವ ಪರೀಕ್ಷೆಯ ಆಟವೊಂದಿತ್ತು. ಆಡಿದವರ ಮಾಹಿತಿಯ ಜೊತೆಗೆ ಅವರ ಗೆಳೆಯರ ಮಾಹಿತಿಯೂ ಅದರ ಮೂಲಕ ಹರಿದು ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಗೆ ಸೇರಿ, ಚುನಾವಣೆಯ ಪ್ರಚಾರಕ್ಕೆ ಬಳಕೆಯಾಯಿತೆಂದು 2018ರಲ್ಲಿ ಜಗತ್ತಿನಲ್ಲೆಲ್ಲ ದೊಡ್ಡ ಗುಲ್ಲೆದ್ದಿತು. ಆಗ ಫೇಸ್‌ಬುಕ್ಕಿನವರೇ ಕೊಟ್ಟ ಲೆಕ್ಕ ಹೀಗಿದೆ: ಭಾರತದಲ್ಲಿ ಆ ಆಟವನ್ನು ಹಾಕಿಕೊಂಡವರು 335 ಮಂದಿ, ಮಾಹಿತಿ ಹೋಗಿರಬಹುದಾದವರು 5,62,120 ಮಂದಿ. ಮುನ್ನೂರ ಮೂವತ್ತೈದು ಮಂದಿ ಬಾಗಿಲು ತೆರೆದರು, ಐದೂವರೆ ಲಕ್ಷಕ್ಕೂ ಹೆಚ್ಚು ಜನರ ಅಂಗಳದಲ್ಲಿ ಹೆಜ್ಜೆ ಮೂಡಿತು. ಆ ಲಕ್ಷಗಟ್ಟಲೆ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಒಬ್ಬನ ಮೊಬೈಲಿನಲ್ಲಿ ಅವನೊಬ್ಬನೇ ಇರುವುದಿಲ್ಲ. ಹೆಂಡತಿಯ ತವರಿನವರು, ಬೀಗರು, ಸಾಲಕ್ಕೆ ಜಾಮೀನು ನಿಂತವರು, ಊರ ಮುಖಂಡರು, ಮಠದವರು ಎಲ್ಲರೂ ಇರುತ್ತಾರೆ. ಸಾಲ ಕೊಡುವ ಕೆಲವು ಆ್ಯಪುಗಳವರು ಕಂತು ತಪ್ಪಿದಾಗ ಈ ಪಟ್ಟಿಯಲ್ಲಿರುವವರಿಗೆಲ್ಲ ಕರೆ ಮಾಡಿ ಸಾಲಗಾರನ ಮಾನ ಕಳೆದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅಪಮಾನ ತಾಳದೆ ಜೀವ ಕಳೆದುಕೊಂಡವರೂ ಇದ್ದಾರೆ. ಸಾಲ ಮಾಡಿದ್ದು ತಪ್ಪೇ? ಕಷ್ಟಕ್ಕೆ ಸಾಲ ಮಾಡದ ಒಕ್ಕಲು ಯಾವ ಊರಿನಲ್ಲಿದೆ?

ಇನ್ನು ಹೆಬ್ಬೆಟ್ಟಿನ ವಿಷಯ. ಇದು ನಮ್ಮ ಹಿರಿಯರಿಗೆ ಎಲ್ಲಕ್ಕಿಂತ ಹತ್ತಿರದ್ದು.

1858ರಲ್ಲಿ ಬಂಗಾಳದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷಲ್ ಎಂಬಾತನು ರಸ್ತೆಯ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯ್ ಎಂಬವನಿಂದ ಕರಾರುಪತ್ರದ ಮೇಲೆ ಅಂಗೈಯ ಗುರುತನ್ನು ಒತ್ತಿಸಿಕೊಂಡನು. ಮುಂದೆ ಅವನು ಕರಾರು ತನ್ನದಲ್ಲವೆಂದು ನುಣುಚಿಕೊಳ್ಳಬಾರದೆಂಬುದು ಉದ್ದೇಶ. ಅಂದು ದೊರೆಗೆ ಪ್ರಜೆಯ ಮೇಲೆ ಇದ್ದ ಅಪನಂಬಿಕೆಯಿಂದ ಹುಟ್ಟಿದ ಗುರುತು ಇಂದು ನಮ್ಮ ಅನ್ನದ ಬೀಗದ ಕೈಯಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು, ವೃದ್ಧಾಪ್ಯ ವೇತನ ತೆಗೆಯಲು ಹೆಬ್ಬೆಟ್ಟು, ಸಿಮ್ ಕಾರ್ಡಿಗೆ ಹೆಬ್ಬೆಟ್ಟು. ಇದರಿಂದ ಉಪಕಾರವಾಗಿಲ್ಲವೆಂದು ನಾವು ಹೇಳುವುದಿಲ್ಲ. ಸಹಿ ಬಾರದ ಮುದುಕಿಯು ಪೇಟೆಯ ಬ್ಯಾಂಕಿಗೆ ಅಲೆಯದೆ ಊರಿನಲ್ಲೇ ಹಣ ಪಡೆಯುತ್ತಿದ್ದಾಳೆ. ಆದರೆ ಆಧಾರ್ ಮೂಲಕ ಹಣ ತೆಗೆಯುವ ಈ ಪದ್ಧತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಿನ ಗುರುತು ಇಷ್ಟಿದ್ದರೆ ಸಾಕು. ಗುಪ್ತ ಸಂಖ್ಯೆ ಬೇಡ, ಓಟಿಪಿಯೂ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಣಿಯಾದ ಆಸ್ತಿ ಪತ್ರಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ನಕಲು ಬೆರಳು ತಯಾರಿಸಿ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಹೊಲ ಮಾರಿದವನು ಕಚೇರಿಯಲ್ಲಿ ವಿಧಿವತ್ತಾಗಿ ಹೆಬ್ಬೆಟ್ಟು ಒತ್ತಿದ್ದನು. ಅವನು ಮಾಡಿದ ತಪ್ಪೇನು? ಭಯವೇಕೆ ಎನ್ನುವವರು ಅವನಿಗೆ ಏನು ಹೇಳುತ್ತಾರೆ?

ಬೀಗ ಕಳೆದರೆ ಹೊಸ ಬೀಗ ತರಬಹುದು, ಬೆರಳನ್ನು ಎಲ್ಲಿಂದ ತರುವುದು? ಆದ್ದರಿಂದ ಭಕ್ತರು ಇಷ್ಟನ್ನಾದರೂ ಮಾಡಿಕೊಳ್ಳಬೇಕು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳು ಮತ್ತು ಕಣ್ಣಿನ ಗುರುತಿಗೆ ಬೀಗ ಹಾಕುವ ಅನುಕೂಲವಿದೆ, ಬೇಕಾದಾಗ ತೆಗೆಯಬಹುದು. ಬೀಗ ಹಾಕಿದ್ದಾಗ ಪಡಿತರಕ್ಕೂ ಬೆರಳು ನಡೆಯುವುದಿಲ್ಲವೆಂಬುದು ನೆನಪಿರಲಿ, ಅಂಗಡಿಗೆ ಹೋಗುವ ಮುಂಚೆ ಬಿಡಿಸಿಕೊಳ್ಳಬೇಕು. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿಯೂ ಅಲ್ಲಿ ಸಿಗುತ್ತದೆ. ಪೂರ್ಣ ಸಂಖ್ಯೆಯ ಅಗತ್ಯವಿಲ್ಲದ ಕಡೆ ಅದನ್ನೇ ಕೊಡಿರಿ. ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟು ಬಂದ ಪ್ರತಿಯನ್ನು ಅಲ್ಲಿಯೇ ಬಿಟ್ಟು ಬರಬೇಡಿರಿ. ಆಧಾರಿನ ಸಹಾಯಕ್ಕೆ 1947, ಹಣ ಮೋಸವಾದರೆ ತಡಮಾಡದೆ 1930 ಎಂಬ ಸಂಖ್ಯೆಗಳನ್ನು ದೇವರ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡರೂ ತಪ್ಪಲ್ಲ.

ಈ ಹಕ್ಕಿಗಾಗಿ ದೇಶದಲ್ಲಿ ಮೊದಲು ಎದ್ದು ನಿಂತವರಲ್ಲಿ ಕನ್ನಡ ನಾಡಿನ ಹಿರಿಯ ಜೀವವೊಂದಿತ್ತೆಂಬುದು ಬಹಳ ಜನಕ್ಕೆ ತಿಳಿಯದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವೆಂಬುದು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಕಡೆಯಿಂದ ವಾದವಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೇ ಹೌದು, ಜೀವಿಸುವ ಹಕ್ಕಿನೊಳಗೇ ಇದೆ ಎಂದು ತೀರ್ಪು ಕೊಟ್ಟರು. ಮರುವರ್ಷ 2018ರ ಸೆಪ್ಟೆಂಬರಿನಲ್ಲಿ ಐವರ ಪೀಠವು ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ, ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಅದನ್ನು ಕಡ್ಡಾಯ ಮಾಡಲಾಗದೆಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ಕಾಲವಾದರು. ವಯಸ್ಸಾಯಿತು, ಇನ್ನು ನಮಗೇಕೆ ಈ ಮೊಬೈಲಿನ ರಗಳೆ ಎನ್ನುವ ಹಿರಿಯರು ಆ ವಯಸ್ಸಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು.

ತೀರ್ಪಿನ ಬೆನ್ನಿಗೆ ಕಾಯ್ದೆ ಬರಲು ಆರು ವರ್ಷ ಹಿಡಿಯಿತು. 2023ರ ಆಗಸ್ಟಿನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯ್ದೆಯಾಯಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಯಾಗತಕ್ಕವು. ಏತಕ್ಕೆ ಮಾಹಿತಿ ಬೇಕೆಂದು ಹೇಳಿಯೇ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಹದಿನೆಂಟು ತುಂಬದ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು ಎಂಬ ಒಳ್ಳೆಯ ಮಾತುಗಳು ಅದರಲ್ಲಿವೆ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದೂ ಇದೆ. ಅಂದರೆ ಕನ್ನಡದಲ್ಲಿ ಕೇಳಿರೆಂದು ಹೇಳುವ ಹಕ್ಕು ನಮ್ಮದು.

ಆದರೆ ಅದೇ ಕಾಯ್ದೆಯು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2005ರ ಮಾಹಿತಿ ಹಕ್ಕಿನ ಕಾಯ್ದೆಯ ಒಂದು ಕಲಮನ್ನೂ ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಕಾರಣ ಕೊಟ್ಟು ಕಚೇರಿಯವರು ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದೆ. ಇದು ನಮಗೆ ಸರಿಕಾಣುವುದಿಲ್ಲ. ಎಲ್ಲವನ್ನೂ ಮುಚ್ಚಬೇಕೆಂದು ನಾವು ಹೇಳುತ್ತಿಲ್ಲವಷ್ಟೆ. ಪಹಣಿ ಎಲ್ಲರಿಗೂ ಕಾಣಬೇಕು, ಇಲ್ಲದಿದ್ದರೆ ಅಣ್ಣನ ಪಾಲನ್ನು ತಮ್ಮ ಮಾರಿಯಾನು. ಪಂಚಾಯಿತಿಯ ಖರ್ಚು, ಗುತ್ತಿಗೆದಾರನ ಬಿಲ್ಲು, ಮಠದ ಜಮಾಖರ್ಚು ಇವೆಲ್ಲ ಬೆಳಕಿನಲ್ಲಿರಬೇಕು. ಬಡವನ ಬದುಕಿಗೆ ಮರೆ ಬೇಕು, ಬಲ್ಲಿದನ ಅಧಿಕಾರಕ್ಕೆ ಬೆಳಕು ಬೇಕು. ಈಗ ನಡೆಯುತ್ತಿರುವುದು ಇದಕ್ಕೆ ವಿಪರೀತ. ರೋಗಿಯ ಕಾಯಿಲೆ ಜಾಹೀರಾತಿನವನಿಗೆ ಗೊತ್ತು. ರೋಗಿಗೆ ತನ್ನ ಮಾಹಿತಿ ಯಾರ ಬಳಿ ಇದೆಯೆಂಬುದು ಗೊತ್ತಿಲ್ಲ.

ಶ್ರೀ ಸಿದ್ಧಾಂತ ಶಿಖಾಮಣಿಯು ಅಹಿಂಸೆ, ಸತ್ಯ, ಅಸ್ತೇಯ ಮೊದಲಾದ ಹತ್ತನ್ನು ಧರ್ಮದ ಸಂಗ್ರಹವೆಂದು ಹೇಳಿದೆ. ಅಸ್ತೇಯವೆಂದರೆ ಪರಧನಕ್ಕೆ ಕೈಹಾಕದಿರುವುದು. ಪರಧನವೆಂದರೆ ಬಂಗಾರ, ದವಸ, ಭೂಮಿ ಎಂದೇ ಇದುವರೆಗೆ ಅರ್ಥ ಹೇಳುತ್ತ ಬಂದೆವು. ಒಬ್ಬನ ಹೆಸರು, ಬೆರಳು, ರೋಗ, ಸಾಲ, ಅಲೆದಾಟ ಇವುಗಳಿಗೆ ಪೇಟೆಯಲ್ಲಿ ಬೆಲೆ ಕಟ್ಟಿದ ಮೇಲೆ ಅವೂ ಧನವೇ ಆದವು. ಕೇಳದೆ ಒಯ್ದರೆ ಕಳವು. ಒಂದಕ್ಕೆಂದು ಕೇಳಿ ಇನ್ನೊಂದಕ್ಕೆ ಬಳಸಿದರೆ ವಂಚನೆ. ಪರದೇಶದ ಕಂಪನಿಗಾಗಲಿ, ತಾಲ್ಲೂಕು ಕಚೇರಿಗಾಗಲಿ, ಕಾವಿ ತೊಟ್ಟವರಿಗಾಗಲಿ ಇದರಲ್ಲಿ ರಿಯಾಯಿತಿ ಇಲ್ಲ.

ಕಾವಿಯ ಮಾತು ಬಂದದ್ದರಿಂದ ನಮ್ಮವರಿಗೂ ಎರಡು ಮಾತು ಹೇಳಬೇಕು. ಅಯ್ಯಾಚಾರ, ದೀಕ್ಷೆಗಳ ಹೊತ್ತಿನಲ್ಲಿ ಮೊಬೈಲುಗಳು ಗುರುವಿನ ತುಟಿಯ ಹತ್ತಿರಕ್ಕೇ ಬರತೊಡಗಿವೆ. ಕಿವಿಮಾತು ಮುಗಿಯುವ ಮೊದಲೇ ಅದು ವಾಟ್ಸಾಪಿನಲ್ಲಿ ಹತ್ತು ಊರು ಸುತ್ತಿರುತ್ತದೆ. ಮಂತ್ರೋಪದೇಶದ ಗಳಿಗೆಯಲ್ಲಿ ಚಿತ್ರ ತೆಗೆಯಬಾರದೆಂದು ನಾವು ಅಪ್ಪಣೆ ಮಾಡಿದ್ದೇವೆ. ಬೇಸರ ಮಾಡಿಕೊಂಡವರೂ ಇದ್ದಾರೆ, ಇರಲಿ. ಪ್ರಸಾದ ನಿಲಯಗಳಿಗೆ ಮಕ್ಕಳನ್ನು ಸೇರಿಸುವಾಗ ಪಡೆಯುವ ಕಾಗದಪತ್ರಗಳು ಬೀಗವಿರುವ ಕಪಾಟಿನಲ್ಲಿರಬೇಕು, ಮಗು ಹೊರಟ ಮೇಲೆ ಬೇಡವಾದವನ್ನು ಹರಿದು ಸುಡಬೇಕು. ಬಡ ಮಕ್ಕಳು ಊಟಕ್ಕೆ ಕುಳಿತ ಚಿತ್ರ ತೆಗೆದು ದಾಸೋಹದ ಪ್ರಚಾರ ಮಾಡುವುದು ದಾಸೋಹವಲ್ಲ. ತಟ್ಟೆಯ ಮುಂದೆ ಕುಳಿತವನು ಜಂಗಮ ಸ್ವರೂಪಿ, ಅವನ ಹಸಿವು ನಮ್ಮ ಜಾಹೀರಾತಾಗಬಾರದು.

ವಧೂವರರ ಸಮಾವೇಶಗಳದ್ದು ಬೇರೆಯೇ ಕಥೆ. ಉಪಯುಕ್ತ ಕಾರ್ಯವೆಂದು ಎಲ್ಲ ಕಡೆ ನಡೆಸುತ್ತಾರೆ, ನಾವೂ ಆಶೀರ್ವದಿಸುತ್ತೇವೆ. ಆದರೆ ಅಲ್ಲಿ ಅಚ್ಚಾಗುವ ಪುಸ್ತಕದಲ್ಲಿ ಹೆಣ್ಣುಮಗಳ ಫೋಟೋ, ಹುಟ್ಟಿದ ದಿನ, ನೌಕರಿಯ ಜಾಗ, ಸಂಬಳ, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಇರುತ್ತವೆ. ಪುಟಗಳ ಚಿತ್ರ ತೆಗೆದು ಯಾರೋ ಕಳುಹಿಸುತ್ತಾರೆ, ಇನ್ನಾರೋ ಮುಂದಕ್ಕೆ ದಾಟಿಸುತ್ತಾರೆ. ಮದುವೆಯಾಗಿ ಕೈಯಲ್ಲಿ ಕೂಸು ಬಂದ ಮೇಲೂ ಹೆಣ್ಣುಮಗಳಿಗೆ ಗುರುತಿಲ್ಲದ ಗಂಡಸರ ಕರೆ ಬರುವುದು ನಿಲ್ಲಲಿಲ್ಲವೆಂದು ತಾಯಂದಿರು ನಮ್ಮ ಮುಂದೆ ಕಣ್ಣೀರು ಹಾಕಿದ್ದಾರೆ. ಬರುವ ಜಾತ್ರೆಯಲ್ಲಿ ನಮ್ಮ ಮಠದ ಆವರಣದಲ್ಲಿ ನಡೆಯುವ ಸಮಾವೇಶದ ಪುಸ್ತಕದಲ್ಲಿ ಹೆಸರು, ಓದು, ಉದ್ಯೋಗ, ತಾಲ್ಲೂಕು ಇಷ್ಟೇ ಇರುತ್ತದೆ. ಫೋಟೋ, ವಿಳಾಸ, ದೂರವಾಣಿ ಸಂಖ್ಯೆಗಳು ಕಚೇರಿಯ ಒಂದೇ ದಪ್ಪ ಪುಸ್ತಕದಲ್ಲಿರುತ್ತವೆ. ಬೇಕಾದವರು ಹಿರಿಯರೊಡನೆ ಬಂದು, ತಮ್ಮ ಹೆಸರು ಬರೆಸಿ ಕೇಳಲಿ. ಹೆಣ್ಣಿನ ಮನೆಯವರನ್ನು ವಿಚಾರಿಸಿ, ಅವರು ಹೂಂ ಎಂದರೆ ಕೊಡುತ್ತಾರೆ. ಸಂಬಂಧ ಕೂಡಿದ ಮೇಲೆ ಆ ಹಾಳೆಯನ್ನು ಹರಿದು ಹಾಕುವ ಕೆಲಸವನ್ನು ಕಚೇರಿಯ ಹಿರಿಯ ಗುಮಾಸ್ತರಿಗೆ ವಹಿಸಿದ್ದೇವೆ.